ಒಂದೇ ದಾರಿ

ಕೇಳುಗರಿಗೆ ನಮಸ್ಕಾರ. ಒಬ್ಬರ ಸಂದೇಶ ಸಾವಿರ ಮಂದಿಗೆ ಒಟ್ಟಿಗೇ ತಲುಪಬೇಕು ಅಂದುಕೊಳ್ಳಿ. ಸಾವಿರ ಪ್ರತಿ ಕಳಿಸಬೇಕೇ? ಬೇಡ. ಒಂದೇ ಪ್ರತಿ ಹೊರಡಲಿ. ದಾರಿ ಕವಲೊಡೆದಲ್ಲಿ ಮಾತ್ರ ಎರಡಾಗಲಿ, ಮೂರಾಗಲಿ. ಆದರೆ ಒಡೆದ ಕವಲುಗಳು ಮುಂದೆ ಮತ್ತೆ ಕೂಡಬಾರದು. ಬಿಂದು, ಗೆರೆಗಳ ಗಣಿತವಾದ ಗ್ರಾಫ್ ಸಿದ್ಧಾಂತದಲ್ಲಿ ಇಂಥ ಜಾಲಕ್ಕೆ ಮರ ಅಂತಲೇ ಹೆಸರು. ಹತ್ತು ಬಿಂದುಗಳಿಗೆ ಒಂಬತ್ತೇ ಗೆರೆ; ಯಾವ ಎರಡು ಬಿಂದು ಹಿಡಿದರೂ ನಡುವೆ ಒಂದೇ ದಾರಿ. ಈ ‘ಒಂದೇ ದಾರಿ’ ನೆನಪಿಟ್ಟುಕೊಳ್ಳಿ, ಮಿಕ್ಕಿದ್ದು ಮರೆತರೂ ಚಿಂತೆಯಿಲ್ಲ.

ಎರಡು ದಾರಿ ಇದ್ದರೆ ಒಳ್ಳೆಯದೇ ಅಲ್ಲವೇ ಅಂತ ಕೇಳುವವರು ಇದ್ದೇ ಇರುತ್ತಾರೆ. ಒಂದು ಕಚೇರಿಯಲ್ಲಿ ಬೆಳಿಗ್ಗೆ ನೆಟ್‌ವರ್ಕ್ ಪೂರ್ತಿ ನಿಂತುಹೋಗಿ ನನ್ನನ್ನು ಕರೆಸಿದರು. ಸರ್ವರ್ ನೋಡಿದೆ, ಸರಿಯಿತ್ತು. ಕಂಪ್ಯೂಟರ್‌ಗಳನ್ನೆಲ್ಲ ಅವರು ಆಗಲೇ ಆರಿಸಿ ಹಾಕಿ ಸುಸ್ತಾಗಿದ್ದರು. ಕೊನೆಗೆ ಸ್ವಿಚ್, ಅಂದರೆ ಕಂಪ್ಯೂಟರ್‌ಗಳ ಕೇಬಲ್‌ಗಳನ್ನೆಲ್ಲ ಕೂಡಿಸುವ ಪೆಟ್ಟಿಗೆ, ಇಟ್ಟಿದ್ದ ಕಪಾಟಿನ ಬಾಗಿಲು ತೆಗೆದೆ. ತಮ್ಮ ಪಾಡಿಗೆ ಆಗೊಮ್ಮೆ ಈಗೊಮ್ಮೆ ಮಿನುಗಬೇಕಾದ ಹಸಿರು ದೀಪಗಳು ಎಲ್ಲವೂ ಒಟ್ಟಿಗೆ, ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದ್ದವು! ಕೇಬಲ್‌ಗಳನ್ನು ಒಂದೊಂದಾಗಿ ಸವರಿಕೊಂಡು ಹೋದೆ. ಒಂದು ನೀಲಿ ಕೇಬಲ್ 7ನೇ ಪೋರ್ಟಿನಿಂದ ಇಳಿದು, ನೆಲ ಮುಟ್ಟಿ, ಅದೇ ಸ್ವಿಚ್ಚಿನ 19ನೇ ಪೋರ್ಟಿಗೆ ಹತ್ತಿತ್ತು. ನೆಲದಲ್ಲಿ ಬಿದ್ದಿದ್ದ ತುದಿಯನ್ನು ಯಾರೋ ಅಚ್ಚುಕಟ್ಟಿನವರು, ಪಾಪ, ಖಾಲಿ ಜಾಗಕ್ಕೆ ಸಿಕ್ಕಿಸಿದ್ದರು. ಕಚೇರಿಯ ಕೇಬಲ್ ಜಾಲಗಳ ರೂಢಿಯಾದ ಈಥರ್ನೆಟ್ಟಿನಲ್ಲಿ ‘ಎಲ್ಲರಿಗೂ’ ಅಂತ ಹೊರಟ ಸಂದೇಶಕ್ಕೆ ಆಯಸ್ಸಿನ ಲೆಕ್ಕವಿಲ್ಲ. ಸುತ್ತುದಾರಿ ಸಿಕ್ಕರೆ ಸುತ್ತುತ್ತಲೇ ಇರುತ್ತದೆ, ಸುತ್ತು ಸುತ್ತಿಗೂ ಎಲ್ಲರ ಬಾಗಿಲಿಗೂ ಒಂದು ಪ್ರತಿ ಎಸೆಯುತ್ತದೆ. ಕೇಬಲ್ ಕಿತ್ತೆ. ದೀಪಗಳು ತಣ್ಣಗಾದವು.

ಇದಕ್ಕೆ ಮದ್ದು 1985ರಲ್ಲೇ ಸಿಕ್ಕಿತ್ತು. ನೆಟ್‌ವರ್ಕ್ ತಜ್ಞೆ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಸ್ವಿಚ್‌ಗಳು ತಾವೇ ಮಾತಾಡಿಕೊಂಡು ಒಂದನ್ನು ಬೇರು ಅಂತ ಆರಿಸುತ್ತವೆ. ಬೇರಿಗೆ ಹತ್ತಿರದ ದಾರಿಯನ್ನಷ್ಟೇ ತೆರೆದಿಟ್ಟು ಮಿಕ್ಕವನ್ನು ಮಲಗಿಸುತ್ತವೆ. ತೆರೆದದ್ದು ಕಡಿದರೆ ಮಲಗಿದ್ದು ಏಳುತ್ತದೆ. ಆ ಕಚೇರಿಯಲ್ಲಿ ಇದನ್ನು ಬಂದ್ ಮಾಡಿಟ್ಟಿದ್ದರು. ಯಾಕೆ? ಕೇಬಲ್ ಸಿಕ್ಕಿಸಿದ ಮೇಲೆ ಅರ್ಧ ನಿಮಿಷ ಕಾಯಬೇಕಾಗುತ್ತದಂತೆ!

ಮೊದಲು ಹೇಳಿದ ಸಾವಿರ ಮಂದಿಯ ಗುಂಪಿನ ವಿಷಯಕ್ಕೆ ಬರುವಷ್ಟರಲ್ಲಿ ಸಮಯ ಕರಗಿದೆ. 1989ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಟೀವ್ ಡೀರಿಂಗ್ ಇಂಟರ್ನೆಟ್ಟಿನ ಮಲ್ಟಿಕಾಸ್ಟ್, ಅಂದರೆ ಒಂದೇ ಸಂದೇಶವನ್ನು ಗುಂಪಿಗೆ ತಲುಪಿಸುವ ವಿಧಾನದ ನಿಯಮಗಳನ್ನು ಬರೆದರು. 224ರಿಂದ 239ರ ಒಳಗಿನ ಅಂಕಿಯಿಂದ ಶುರುವಾಗುವ ವಿಳಾಸ ಒಂದು ಯಂತ್ರದ್ದಲ್ಲ, ಗುಂಪಿನದು. ಸೇರುತ್ತೇನೆ ಅಂದವರ ಕಡೆಗೆ ಮರ ಕೊಂಬೆ ಚಾಚುತ್ತದೆ, ಬಿಟ್ಟುಹೋದವರ ಕೊಂಬೆ ಒಣಗುತ್ತದೆ. ಇದ್ದುದರಲ್ಲಿ ಅತಿ ಅಗ್ಗದ ಮರ ಯಾವುದು? ಗಣಿತದಲ್ಲಿ ಈ ಪ್ರಶ್ನೆಗೆ ಸ್ಟೈನರ್ ಸಮಸ್ಯೆ ಅಂತ ಹೆಸರು, ಬಲು ಕಠಿಣ. ಜಾಲದಿಂದ ಜಾಲಕ್ಕೆ ಸಂದೇಶ ದಾಟಿಸುವ ರೂಟರ್‌ಗಳು ಅದರ ಗೋಜಿಗೇ ಹೋಗದೆ ಹತ್ತಿರದ ದಾರಿಗಳನ್ನೇ ಜೋಡಿಸಿ ಮರ ಮಾಡಿಕೊಳ್ಳುತ್ತವೆ. ನಮಸ್ಕಾರ.