ಚಾರ್ಲಿ ಮರಿಯಾನೊ: ತುಟಿಯಿಂದ ಬಂದ ಸ್ಯಾಕ್ಸೊಫೋನ್

ಕೇಳುಗರಿಗೆಲ್ಲ ನಮಸ್ಕಾರ. ಸ್ಯಾಕ್ಸೊಫೋನ್ ಅಂದ್ರೆ ನಮ್ಮವರಿಗೆ ಕದ್ರಿ ಗೋಪಾಲನಾಥರು ನೆನಪಾಗ್ತಾರೆ, ಆಗ್ಲೇಬೇಕು. ಇವತ್ತು ನಾನು ಹೇಳೋದು ಮಾತ್ರ ಚಾರ್ಲಿ ಮರಿಯಾನೊ ಬಗ್ಗೆ. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಇಟಲಿಯಿಂದ ಬಂದವರ ಮನೇಲಿ ಹುಟ್ಟಿದ್ರು, ಆಲ್ಟೊ ಸ್ಯಾಕ್ಸೊಫೋನ್ ಹಿಡಿದ್ರು, ಸ್ಟ್ಯಾನ್ ಕೆಂಟನ್ ಅನ್ನೋರ ದೊಡ್ಡ ಜಾಜ್ ತಂಡದಲ್ಲಿದ್ರು, 1963ರಲ್ಲಿ ಹೆಸರಾಂತ ಜಾಜ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಜೊತೆ ರೆಕಾರ್ಡ್ ಮಾಡಿದ್ರು. ಇಷ್ಟಾದ್ರೂ ಜಾಜ್ ದೊಡ್ಡವರ ಹೆಸರು ಹೇಳುವಾಗ ಇವರನ್ನ ಬಿಟ್ಟೇಬಿಡ್ತಾರೆ, ನಂಗೆ ಇದು ಸಹಿಸೋಕಾಗಲ್ಲ.

60ರ ದಶಕದಲ್ಲಿ ಮಲೇಷ್ಯಾದ ರೇಡಿಯೊ ವಾದ್ಯವೃಂದಕ್ಕೆ ಕಲಿಸೋಕೆ ಹೋದಾಗ ಅವರ ಕಿವಿಗೆ ನಾಗಸ್ವರ, ಅಂದ್ರೆ ನಮ್ಮ ಮದುವೆಗಳಲ್ಲಿ ಊದೋ ಓಲಗದ ವಾದ್ಯ, ಬಿತ್ತು. 40 ದಾಟಿದ ಮನುಷ್ಯ ಅದನ್ನ ಕಲೀಬೇಕು ಅಂತ ಹಠ ಹಿಡಿದು, ಆಮೇಲೆ ದಕ್ಷಿಣ ಭಾರತಕ್ಕೂ ಬಂದು ಕಲಿತ್ರು.

ಅದೇನು ಸುಲಭದ ಮಾತಾ? ನಾನು ಸ್ಯಾಕ್ಸೊಫೋನ್ ಕಲೀತಿದ್ದ ದಿನಗಳಲ್ಲಿ ಒಂದು ಮದುವೆಗೆ ಹೋಗಿದ್ದೆ, ಧಾರೆ ಮುಗಿದು ಓಲಗದವರು ಕಾಫಿ ಕುಡೀತಾ ಕೂತಿದ್ರು, ಒಂದ್ಸಲ ಊದ್ಲಾ ಅಂತ ಆ ಹಿರಿಯರನ್ನ ಕೇಳ್ದೆ, ಅವರು ಸೀವಾಳಿ, ಅಂದ್ರೆ ಬಾಯಲ್ಲಿಟ್ಟು ಊದೋ ತುಂಡು, ಅದನ್ನ ಬಾಯಲ್ಲಿ ಒದ್ದೆ ಮಾಡಿ ತೋರಿಸಿ ಬೇರೆ ಒಂದು ಸೀವಾಳಿ ಸಿಕ್ಕಿಸಿ ಕೊಟ್ರು, ನಾನು ಕೆನ್ನೆ ಉಬ್ಬಿಸಿ ಊದ್ದೆ, ಬರೀ ಗಾಳಿ. ಎರಡನೇ ಸಲ ಆಡು ಅರಚಿದ ಹಾಗೆ ಒಂದು ಸದ್ದು. ಅವರು ನಗಲಿಲ್ಲ. "ಬೆರಳು ಆಮೇಲೆ ಮಗಾ, ಮೊದಲು ತುಟಿ" ಅಂದು ಅದೇ ವಾದ್ಯ ತಗೊಂಡು ಬೆರಳು ಅಲ್ಲಾಡಿಸದೆ ಒಂದೇ ಸ್ವರವನ್ನ ಮೇಲಕ್ಕೆ ಜಾರಿಸಿ ತೋರಿಸಿದ್ರು.

ತುಟಿ. ಮರಿಯಾನೊ ಶೈಲಿ ಅಂದ್ರೆ ಇದೇ. ನಾಗಸ್ವರದಲ್ಲಿ ತೂತನ್ನ ಬೆರಳಿಂದ ಅರ್ಧ ಮುಚ್ಚಬಹುದು, ಸ್ಯಾಕ್ಸೊಫೋನಿನಲ್ಲಿ ತೂತಿನ ಮೇಲೆ ಮುಚ್ಚಳ ಇರುತ್ತೆ, ಬೆರಳಿಗೆ ತೂತೇ ಸಿಗಲ್ಲ, ಗಮಕ, ಅಂದ್ರೆ ಸ್ವರವನ್ನ ಜಾರಿಸಿ ತೂಗೋದು, ಬರಬೇಕು ಅಂದ್ರೆ ಹೆಚ್ಚಾಗಿ ತುಟಿ, ಗಂಟಲು, ಉಸಿರು, ಇವುಗಳಿಂದ ಬರಬೇಕು. ಅವರ ಸ್ಯಾಕ್ಸೊಫೋನ್ ಅಳೋ ಹಾಗೆ ಕೇಳೋದು ಅದಕ್ಕೇ.

ಟೈಮ್ ಆಗ್ತಾ ಬಂತು, ನಮ್ಮೂರಿನ ನಂಟನ್ನ ಬೇಗ ಹೇಳ್ಬಿಡ್ತೀನಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅನ್ನೋ ತಾಳವಾದ್ಯ ಶಾಲೆ ಗೊತ್ತಲ್ಲ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ, ಆ ತಂಡದ ಜೊತೆ 1983ರಲ್ಲಿ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದ್ರು. ನಮ್ಮ ಲಯದ ಜೊತೆ ಕೂತು ನುಡಿಸಿದ ಈ ಮನುಷ್ಯ 2009ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡ್ರು, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು ಹೇಳಿ. 'ಜ್ಯೋತಿ' ಇವತ್ತೇ ಹುಡುಕಿ ಕೇಳಿ. ತಾಳ ಹಾಕೋದು ಆಮೇಲೆ, ಮೊದಲ ಸಲ ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಹೇಗೆ ದಾಟ್ತಾರೆ ಅನ್ನೋದನ್ನ ಮಾತ್ರ ಕೇಳಿ. ನಮಸ್ಕಾರ.