ನೀರು ಮೊದಲು, ಗುಂಡಿ ಆಮೇಲೆ

ಈಗ ಕಾಣುತ್ತಿರುವುದು ಹೊಸದುರ್ಗದ ಕಡೆಯ ನಮ್ಮ ಹೊಲ. ಮೇ ತಿಂಗಳ ಮಳೆ ಇನ್ನೂ ನಿಂತಿಲ್ಲ, ಆದ್ದರಿಂದ ಕ್ಯಾಮೆರಾ ಕೊಡೆಯ ಕೆಳಗಿದೆ. ಬದುವಿನ ಆ ಮೂಲೆಯಲ್ಲಿ ಕೆಂಪು ನೀರು ಎರಡು ಕವಲಾಗಿ ಬಂದು ಒಂದಾಗುತ್ತಿದೆ ನೋಡಿ. ಮಳೆನೀರು ಹಿಡಿದಿಡುವ ಕೃಷಿ ಹೊಂಡ ಎಲ್ಲಿರಬೇಕು ಎಂಬುದನ್ನು ಗೊತ್ತುಮಾಡಿದ್ದು ಆ ಮೂಲೆ. ಅಪ್ಪನಿಗೆ ಅದು ಮನೆಯ ಹತ್ತಿರ ಬೇಕಿತ್ತು, ಕಣ್ಣೆದುರಿಗೆ ಇರುತ್ತದೆ ಎಂದು. ಆದರೆ ಮನೆ ಇರುವುದು ದಿಬ್ಬದ ಮೇಲೆ, ನೀರು ದಿಬ್ಬ ಹತ್ತುವುದಿಲ್ಲ.

2014ರಲ್ಲಿ, ಹೊಂಡ ತೋಡಲು ಸಹಾಯಧನ ಕೊಡುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಹೊಂಡಗಳಿಗೆ ಬರವಿಲ್ಲ. ಅವುಗಳಲ್ಲಿ ಕೆಲವು ಪ್ರತಿ ವರ್ಷ ತುಂಬುತ್ತವೆ, ಕೆಲವಕ್ಕೆ ಕೊಳವೆಬಾವಿಯಿಂದ ನೀರು ಬಿಡುತ್ತಾರೆ. ಕರೆಂಟು ಇದ್ದಾಗ ತುಂಬಿಸಿಕೊಂಡು, ಇಲ್ಲದಾಗ ತೋಟಕ್ಕೆ ಹರಿಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನೆಲದಾಳದ ನೀರನ್ನು ಮೇಲೆತ್ತಿ ಬಿಸಿಲಿಗೆ ಒಡ್ಡುವುದು ನನಗೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾಯಿತು ಎಂದುಕೊಳ್ಳಿ: 21 ಮೀಟರ್ ಚದರದ (ಉದ್ದ, ಅಗಲ ಎರಡೂ 21 ಮೀಟರ್) ಹೊಂಡದಿಂದ ದಿನವೂ 2,600 ಲೀಟರಿಗಿಂತ ಹೆಚ್ಚು ನೀರು ಗಾಳಿಯ ಪಾಲು.

ಹಾಗಾಗಿ ನಾವು ಗುಂಡಿಯ ಅಳತೆಯನ್ನು ಬದಿಗಿಟ್ಟು ನೀರಿನ ಲೆಕ್ಕದಿಂದ ಶುರುಮಾಡಿದೆವು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್. ಆ ಮೂಲೆಗೆ ಇಳಿಯುವ ಜಾಗ, ಪಕ್ಕದವರ ಬೀಳು ಸೇರಿ, ನಾಲ್ಕು ಎಕರೆ. 40 ಮಿಲಿಮೀಟರಿನ ಒಂದು ಜೋರು ಮಳೆಗೆ ಬೀಳುವುದು ಹತ್ತಿರ ಹತ್ತಿರ ಆರೂವರೆ ಲಕ್ಷ ಲೀಟರ್. ಅಷ್ಟೂ ಹರಿದು ಬರುವುದಿಲ್ಲ, ಕೆಂಪು ಮಣ್ಣು ಚೆನ್ನಾಗಿಯೇ ಕುಡಿಯುತ್ತದೆ. ಐದರಲ್ಲಿ ಒಂದು ಪಾಲು ಹರಿದರೂ 1.3 ಲಕ್ಷ ಲೀಟರ್ ಕೈಗೆ ಸಿಗುತ್ತದೆ.

ಈಗ ಗುಂಡಿ. ಬಾಯಿ 21 ಮೀಟರ್ ಚದರ, ಆಳ 3 ಮೀಟರ್, ಒಂದು ಮೀಟರ್ ಇಳಿದಂತೆ ಒಂದೂವರೆ ಮೀಟರ್ ಒಳಸರಿಯುವ ಇಳಿಜಾರು ಎಂದರೆ 8.37 ಲಕ್ಷ ಲೀಟರ್ ಹಿಡಿಯುತ್ತದೆ. ಅದು ತುಂಬಲು ಅಂಥ ಆರೇಳು ಮಳೆ ಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಒಂದಿಷ್ಟು, ಆಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಂದಿಷ್ಟು. ನಡುವೆ ಬರೀ ಮೋಡದ ಮೆರವಣಿಗೆ. 15 ಮೀಟರ್ ಚದರದ ಹೊಂಡಕ್ಕೆ 3.51 ಲಕ್ಷ ಲೀಟರ್, ಮೂರು ಒಳ್ಳೆಯ ಮಳೆ ಸಾಕು. ರಾಗಿ ತೆನೆಗಟ್ಟುವಾಗ ಮಳೆ ಕೈಕೊಟ್ಟರೆ ಒಂದು ಎಕರೆಗೆ 30 ಮಿಲಿಮೀಟರಿನಂತೆ ಎರಡು ಸಲ ತುಂತುರು ನೀರು ಕೊಡಬಹುದು. ಅಪ್ಪ ಲೆಕ್ಕವನ್ನು ಪೂರ್ತಿ ಕೇಳಿಸಿಕೊಂಡು, “ಚಿಕ್ಕದೇ ಇರಲಿ, ಉಳಿದ ಜಾಗದಲ್ಲಿ ಅವರೆ ಹಾಕೋಣ” ಎಂದರು.

ಇಗೋ, ಸುಣ್ಣದ ಪುಡಿಯ ಗೆರೆ. ಹೊರಗಿನ ಚೌಕ, ಅಂದರೆ ಬಾಯಿ, 15 ಮೀಟರ್; ಒಳಗಿನದು, ಅಂದರೆ ತಳ, 6. ಜೆಸಿಬಿಯ ಹುಡುಗ ನೆಟ್ಟಗೆ ಅಗೆದುಬಿಡಲೇ ಅಣ್ಣ ಎಂದು ಕೇಳುತ್ತಿದ್ದಾನೆ, ಅದು ಬೇಗ ಮುಗಿಯುವ ಕೆಲಸ. ನೆಟ್ಟಗಿನ ಗೋಡೆ ಮೊದಲ ಮಳೆಗೇ ಕುಸಿಯುತ್ತದೆ. ಅಗೆದ ಮಣ್ಣನ್ನು ಅಂಚಿಗೇ ಸುರಿಯದೆ, ಒಂದು ಮೀಟರ್ ಬಿಟ್ಟು ಏರಿ ಹಾಕಿಸುತ್ತಿದ್ದೇವೆ.

ನೀರು ಬರುವ ಕಡೆ ಎರಡು ಮೀಟರ್ ಚದರದ ಹೂಳುಗುಂಡಿ. ಕೆಂಪು ನೀರು ಅಲ್ಲಿ ಒಂದು ಗಳಿಗೆ ನಿಂತು, ಮರಳು ಬಿಟ್ಟು ಮುಂದೆ ಹೋಗುತ್ತದೆ. ಪ್ರತಿ ವರ್ಷ ಸನಿಕೆ ಹಿಡಿದು ಇದನ್ನು ಬರಿದು ಮಾಡುವ ಕೆಲಸ ತಪ್ಪಿದ್ದಲ್ಲ. ಎದುರು ದಂಡೆಯಲ್ಲಿ, ಹೆಚ್ಚಾದ ನೀರು ಹೊರಹೋಗಲು ಕೋಡಿ. ಗಾರೆಯವರು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ನೀರು ಒಳಬರುವ ಕಡೆಯ ಕಲ್ಲಿಗೂ ಇನ್ನೊಂದನ್ನು ಕೋಡಿಯ ಕಲ್ಲಿಗೂ ಹಿಡಿದಿದ್ದೇವೆ. ಕೋಡಿ ನಾಲ್ಕು ಬೆರಳು ತಗ್ಗಿನಲ್ಲಿದೆ. ಇಲ್ಲದಿದ್ದರೆ ತುಂಬಿದ ನೀರು ಬಂದ ದಾರಿಯಲ್ಲೇ ತಿರುಗಿ ಏರಿಯನ್ನು ಕೊರೆಯುತ್ತದೆ. ಚಿತ್ರದುರ್ಗದ ಕೋಟೆಗೆ ಹೋದವರು ನೆನಪು ಮಾಡಿಕೊಳ್ಳಿ: ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಹೆಚ್ಚಾದದ್ದು ಎಲ್ಲಿಗೆ ಹೋಗಬೇಕೆಂದು ಅವನ್ನು ಕಟ್ಟಿಸಿದವರು ಮೊದಲೇ ಯೋಚಿಸಿದ್ದರು. ನಮ್ಮ ಕೋಡಿಯ ನೀರು ಕೆಳಗಿನ ತೆಂಗಿನ ಸಾಲಿಗೆ.

ಕೆಂಪು ಮಣ್ಣು ನೀರು ಹಿಡಿಯದ ಕಾರಣ ತಳಕ್ಕೂ ಇಳಿಜಾರಿಗೂ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಆ ಹಾಳೆ ಒದ್ದೆಯಾದರೆ ಈಜು ಬಲ್ಲವರೂ ಹತ್ತಿ ಬರಲಾರರು. ಹೊಂಡಗಳಿಗೆ ಬಿದ್ದು ಮಕ್ಕಳು ಸತ್ತ ಸುದ್ದಿಗಳನ್ನು ಓದಿಯೇ ಇದ್ದೇವೆ. ಅದಕ್ಕೇ ನಾಲ್ಕೂ ಕಡೆಯಿಂದ ಗಂಟು ಹಾಕಿದ ದಪ್ಪ ಹಗ್ಗಗಳನ್ನು ತಳದವರೆಗೆ ಇಳಿಬಿಡುತ್ತೇವೆ. ಸುತ್ತ ತಂತಿ ಬೇಲಿ, ಬಾಗಿಲಿಗೆ ಬೀಗ. ಬೇಲಿ ಪೂರ್ತಿಯಾಗುವವರೆಗೆ ಹಾಳೆ ಬಿಚ್ಚುವುದಿಲ್ಲ ಎಂದು ಅಮ್ಮ ಪಟ್ಟು ಹಿಡಿದಿದ್ದಾರೆ. ಕಂಬದ ಗುಂಡಿಗಳನ್ನು ನಾಳೆ ತೋಡುತ್ತೇವೆ, ಹಾಳೆ ಹಾಸುವುದನ್ನು ಮುಂದಿನ ವಿಡಿಯೊದಲ್ಲಿ ತೋರಿಸುತ್ತೇನೆ.