ಬಾಣದ ತುದಿ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಮೌಸ್ ಅಲ್ಲಾಡಿಸಿದರೆ ಪರದೆ ಮೇಲೆ ಓಡಾಡುವ ಕರ್ಸರ್ ಇದೆಯಲ್ಲ, ಅದನ್ನು ನಾವೇ ಮಾಡಿಕೊಳ್ಳುವ ವಿಷಯ.

ಸುಮ್ನೆ ಅಂದಕ್ಕೆ ಕರ್ಸರ್ ಬದಲಿಸಬೇಡಿ. ಕೆಲಸ ಕೇಳಿದಾಗ ಮಾತ್ರ ಬದಲಿಸಿ. ನಮ್ಮ ಮೈಸೂರಿನಲ್ಲಿ ಬೀಟೆ ಮರದ ಹಲಗೆಗೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಇನ್‌ಲೇ ಕೆಲಸದವರಿದ್ದಾರೆ. ಅವರಿಗೆ ನಕ್ಷೆ ಬರೆದುಕೊಳ್ಳಲು ಒಂದು ತಂತ್ರಾಂಶ ಮಾಡಿಕೊಡುತ್ತೀರಿ ಅಂತಿಟ್ಟುಕೊಳ್ಳಿ. ಆನೆಯ ಸೊಂಡಿಲಿನ ಅಂಚಿಗೆ ಒಂದೊಂದೇ ಚುಕ್ಕಿ ಇಡುತ್ತಾ ಹೋಗಬೇಕು. ಮಾಮೂಲಿ ಬಾಣವಾದರೆ ಅದರ ಮೈಯೇ ಅಂಚನ್ನು ಮುಚ್ಚುತ್ತದೆ. ಮುಂದಿನ ಚುಕ್ಕಿಯ ಜಾಗವೇ ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ತೆಳು ಗೆರೆಯ ಪ್ಲಸ್ ಗುರುತು, ಅದರ ನಡುವೆ ಸ್ವಲ್ಪ ಖಾಲಿ ಜಾಗ.

ಈಗ ಮುಖ್ಯವಾದ ಮಾತು. ವಿಂಡೋಸ್‌ನಲ್ಲಿ ಕರ್ಸರ್ ಚಿತ್ರದ ವಾಡಿಕೆಯ ಅಳತೆ 32 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರ. ಒಟ್ಟು 1,024 ಚುಕ್ಕಿ. ಆದರೆ ಕ್ಲಿಕ್ ಬೀಳುವುದು ಅಷ್ಟರಲ್ಲಿ ಒಂದೇ ಚುಕ್ಕಿಯಲ್ಲಿ. ಅದಕ್ಕೆ ಹಾಟ್‌ಸ್ಪಾಟ್ ಅಂತಾರೆ. ಬಾಣಕ್ಕೆ ತುದಿಯಲ್ಲಿ, ಪ್ಲಸ್ಸಿಗೆ ನಟ್ಟನಡುವೆ, ಪೆನ್ಸಿಲಿಗೆ ಮೊನೆಯಲ್ಲಿ ಅದು ಇರಬೇಕು. ಪೆನ್ಸಿಲಿನ ಮೊನೆ ಚಿತ್ರದ ಕೆಳಮೂಲೆಯಲ್ಲಿದ್ದು, ಹಾಟ್‌ಸ್ಪಾಟ್ ಮೇಲಿನ ಮೂಲೆಯಲ್ಲೇ ಉಳಿದರೆ ಏನಾಗುತ್ತದೆ? ಗೆರೆ ಮೊನೆಗಿಂತ 31 ಪಿಕ್ಸೆಲ್ ಮೇಲೆ ಮೂಡುತ್ತದೆ. ಬರೆಯುವವರು ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಕೈ ಕುಶಲತೆಯಿಂದಲೇ ಬದುಕುವವರಿಗೆ ಹಾಗನ್ನಿಸುವಂತೆ ಮಾಡುವುದು ದೊಡ್ಡ ತಪ್ಪು ಅಂತ ನಾನು ನಂಬಿದ್ದೇನೆ.

ಜಾವಾದಲ್ಲಿ ಕರ್ಸರ್ ಮಾಡುವಾಗ ಚಿತ್ರ, ಹಾಟ್‌ಸ್ಪಾಟ್, ಒಂದು ಹೆಸರು, ಮೂರನ್ನೂ ಕೊಡಬೇಕು. ಅದಕ್ಕೆ ಮೊದಲು, ಈ ಯಂತ್ರಕ್ಕೆ ಯಾವ ಅಳತೆ ಒಗ್ಗುತ್ತದೆ ಅಂತ ಜಾವಾದಲ್ಲೇ ಇರುವ ಟೂಲ್‌ಕಿಟ್ ಅನ್ನುವ ಭಾಗವನ್ನೇ ಕೇಳಿ ನೋಡಿ. ಕಿಟಕಿ, ಬಟನ್ ಮಾಡಲು ಬಳಸುವ ಕ್ಯೂಟಿ (Qt) ಅನ್ನುವ ಸಲಕರಣೆಯಲ್ಲಿ ಹಾಟ್‌ಸ್ಪಾಟ್ ಹೇಳದೆ ಬಿಟ್ಟರೆ ಅದು ಚಿತ್ರದ ನಡುವನ್ನೇ ಹಿಡಿಯುತ್ತದೆ. ಪ್ಲಸ್ಸಿಗೆ ಸರಿ, ಪೆನ್ಸಿಲಿಗೆ ಅಲ್ಲ. ವಿಂಡೋಸ್‌ನ ಕರ್ಸರ್ ಫೈಲು ಐಕಾನ್ ಫೈಲಿನಂತೆಯೇ ಇರುತ್ತದೆ, ಆದರೆ ಹಾಟ್‌ಸ್ಪಾಟನ್ನೂ ಒಳಗೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಐಕಾನಿನ ಹೆಸರು ಮಾತ್ರ ಬದಲಿಸಿದರೆ ಸಾಲದು.

ಬಾಣ ಯಾಕೆ ಓರೆಯಾಗಿದೆ ಅಂತ ಯೋಚಿಸಿದ್ದೀರಾ? 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಜನರ ಮುಂದೆ ತೋರಿಸಿದಾಗ ಬಾಣ ನೆಟ್ಟಗೆ ಮೇಲ್ಮುಖವಾಗಿತ್ತು. ಅದು ಓರೆಯಾದದ್ದು ಆಮೇಲೆ, ಜೆರಾಕ್ಸ್ ಕಂಪನಿಯ ಆಲ್ಟೋ ಕಂಪ್ಯೂಟರಿನಲ್ಲಿ. ಅಲ್ಲಿ ಕರ್ಸರಿಗೆ ಸಿಕ್ಕಿದ್ದು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ ಅಷ್ಟೇ. ಅಷ್ಟು ಚಿಕ್ಕ ಜಾಗದಲ್ಲಿ ಒಂದು ಬದಿ ನೆಟ್ಟಗೆ, ಇನ್ನೊಂದು 45 ಡಿಗ್ರಿ ಓರೆ ಇದ್ದರೆ ಗೆರೆ ಚೊಕ್ಕವಾಗಿ ಬರುತ್ತದೆ.

ಬಣ್ಣದ ಬಗ್ಗೆ ಸ್ವಲ್ಪ. ಬೀಟೆಯ ಕಪ್ಪು ಕಂದಿನ ಮೇಲೆ ಕಪ್ಪು ಪ್ಲಸ್ ಕಾಣೆಯಾಗುತ್ತದೆ. ಕರ್ಸರಿನ ಹಿಂದಿರುವ ಬಣ್ಣವನ್ನು ತಿರುವುಮುರುವು ಮಾಡುವ, ಅಂದರೆ ಕಪ್ಪಿದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು ತೋರಿಸುವ ಹಳೆಯ ಉಪಾಯವೊಂದಿದೆ. ಅದೂ ನಡು ಬೂದು ಬಣ್ಣದ ಮೇಲೆ ಸೋಲುತ್ತದೆ. ಬೂದು ತಿರುಗಿದರೂ ಬೂದೇ ಅಲ್ವಾ? ಬಿಳಿ ಗೆರೆ, ಸುತ್ತ ಕಪ್ಪು ಅಂಚು, ಇದೇ ಜಾಸ್ತಿ ಭರವಸೆಯದು.

ಅಕ್ಷರ ತುಂಬುವ ಕಡೆ, ಬಟನ್‌ಗಳ ಮೇಲೆ ವ್ಯವಸ್ಥೆಯ ಕರ್ಸರನ್ನೇ ಬಿಡಿ. ಕಣ್ಣು ಮಂಜಾದವರು ಅದನ್ನು ದೊಡ್ಡದು ಮಾಡಿಕೊಂಡಿರಬಹುದು. ನಿಮ್ಮ ಕರ್ಸರಿಗೂ 48, 64 ಪಿಕ್ಸೆಲ್ ಅಳತೆಯ ಚಿತ್ರ ಸೇರಿಸಿ. ಒಂದೊಂದು ಅಳತೆಗೂ ಹಾಟ್‌ಸ್ಪಾಟ್ ಬೇರೆಯೇ ಬರೆಯಬೇಕು, ಮರೆಯಬೇಡಿ.

ಇಷ್ಟಾದ ಮೇಲೆ, ಕ್ಲಿಕ್ ಮಾಡಿದಲ್ಲಿ ಒಂದೇ ಪಿಕ್ಸೆಲ್ ಮೂಡಿಸುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಪರದೆಯನ್ನು ಹಿಗ್ಗಿಸಿ ನೋಡಿ. ಚುಕ್ಕಿ ಸರಿಯಾಗಿ ಮೊನೆ ಇರುವಲ್ಲೇ ಬಿದ್ದಿದ್ದರೆ ಆ ಕರ್ಸರನ್ನು ಧೈರ್ಯವಾಗಿ ಇನ್ನೊಬ್ಬರ ಕೈಗೆ ಕೊಡಬಹುದು. ನಮಸ್ಕಾರ.